ಮಂದ್ರಕ್ಕೊಂದು ಮನೆ: ಕಾರಿನ ಸಬ್‌ವೂಫರ್‌ಗೆ ಯಾವ ಬಾಕ್ಸ್ ಹೊಂದುತ್ತದೆ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ, ಆಕ್ಸೆಸರಿ ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಇಂಥ ಅಂಗಡಿಗೆ ಹೋಗಿ ಸಬ್‌ವೂಫರ್ ಬೇಕೆಂದರೆ ಮಾತುಕತೆ ಬಹುಮಟ್ಟಿಗೆ ಎರಡು ಪ್ರಶ್ನೆಗಳಲ್ಲೇ ಮುಗಿಯುತ್ತದೆ: ಎಷ್ಟು ಇಂಚು, ಎಷ್ಟು ವಾಟ್? ವೂಫರ್ ಆರಿಸಿ, ಆಂಪ್ಲಿಫೈಯರ್ ಆರಿಸಿ, ಇನ್ನೇನು ಬಿಲ್ ಬರೆಯಬೇಕು ಎನ್ನುವಾಗ ಬಾಕ್ಸ್‌ನ ವಿಷಯ ಬರುತ್ತದೆ. ಪೇರಿಸಿಟ್ಟ ರೆಡಿಮೇಡ್ ಬಾಕ್ಸ್‌ಗಳಲ್ಲಿ ತೂತಿನ ಅಳತೆ ಹೊಂದುವ ಒಂದನ್ನು ಎಳೆದು ಕೊಟ್ಟರೆ ವ್ಯಾಪಾರ ಮುಗಿಯಿತು.

ಹಾಗೆ ಕೊಂಡವರ ದೂರು ಕೂಡ ಹೆಚ್ಚೂಕಡಿಮೆ ಒಂದೇ. ಬೇಸ್ ಬರುತ್ತದೆ, ಆದರೆ ಯಾವ ಹಾಡು ಹಾಕಿದರೂ ಅದೇ 'ಗುಂ' ಸದ್ದು. ತಬಲಾದ ಡಗ್ಗ, ಡೊಳ್ಳು, ಬೇಸ್ ಗಿಟಾರ್ ಎಲ್ಲವೂ ಒಂದರೊಳಗೊಂದು ಕಲಸಿಹೋಗಿ ಕೇಳುತ್ತವೆ. ಇಂಥ ಕಡೆ ವೂಫರ್ ಕೆಟ್ಟದ್ದಾಗಿರಬೇಕೆಂದೇನೂ ಇಲ್ಲ. ಅದು ಕೂತಿರುವ ಬಾಕ್ಸ್ ಅದಕ್ಕಾಗಿ ಮಾಡಿದ್ದಲ್ಲ, ಅಷ್ಟೆ. ಒಂದೇ 12 ಇಂಚಿನ ವೂಫರ್ ಒಂದು ಬಾಕ್ಸ್‌ನಲ್ಲಿ ಬಿಗಿಯಾಗಿ, ಸ್ಪಷ್ಟವಾಗಿ ನುಡಿಯುತ್ತದೆ. ಇನ್ನೊಂದರಲ್ಲಿ ಬರೀ ಮೊರೆಯುತ್ತದೆ. ಮತ್ತೊಂದರಲ್ಲಿ ಸುಟ್ಟೇ ಹೋಗಬಹುದು.

ಆದ್ದರಿಂದ ಕೊಳ್ಳುವ ಕ್ರಮವನ್ನೇ ತಿರುಗಿಸಬೇಕು. ಮೊದಲು ಡಿಕ್ಕಿಯಲ್ಲಿ ಎಷ್ಟು ಜಾಗ ಬಿಟ್ಟುಕೊಡಬಹುದು ಎಂಬುದು. ಆಮೇಲೆ ಕೇಳುವ ಸಂಗೀತ ಯಾವುದು ಎಂಬುದು. ಅವೆರಡರಿಂದ ಬಾಕ್ಸ್‌ನ ಬಗೆ ತೀರ್ಮಾನವಾಗುತ್ತದೆ. ಆ ಬಾಕ್ಸ್‌ಗೆ ಒಪ್ಪುವ ವೂಫರ್, ಆ ವೂಫರ್‌ಗೆ ಒಪ್ಪುವ ಆಂಪ್ ಕೊನೆಯಲ್ಲಿ.

ಬಾಕ್ಸ್ ಯಾಕೆ ಬೇಕು?

ವೂಫರ್‌ನ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣ ಹಿಂಬದಿಯ ಗಾಳಿಯನ್ನು ಸೆಳೆಯುತ್ತದೆ. ಹೀಗೆ ಮುಂದೊಂದು, ಹಿಂದೊಂದು ಅಲೆ ಹುಟ್ಟುತ್ತವೆ, ಎರಡೂ ಒಂದಕ್ಕೊಂದು ತದ್ವಿರುದ್ಧ. ಸಬ್‌ವೂಫರ್ ಕೆಲಸ ಮಾಡುವುದು ಸುಮಾರು 20ರಿಂದ 80 ಹರ್ಟ್ಸ್‌ವರೆಗಿನ ಮಂದ್ರದಲ್ಲಿ. 40 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಎಂಟೂವರೆ ಮೀಟರ್. ಅಷ್ಟು ದೊಡ್ಡ ಅಲೆಗೆ ಒಂದಡಿ ಅಗಲದ ವೂಫರ್ ಅಡ್ಡಿಯೇ ಅಲ್ಲ. ಹಿಂದಿನ ಅಲೆ ಸುತ್ತಿಕೊಂಡು ಮುಂದೆ ಬಂದು, ಮುಂದಿನದನ್ನು ಅಳಿಸಿಹಾಕುತ್ತದೆ. ಬಾಕ್ಸ್ ಇಲ್ಲದ ವೂಫರನ್ನು ಮೇಜಿನ ಮೇಲಿಟ್ಟು ನುಡಿಸಿದರೆ ಕೋನ್ ಜೋರಾಗಿ ಅಲುಗುವುದು ಕಾಣುತ್ತದೆ, ಬೇಸ್ ಮಾತ್ರ ಕೇಳಿಸದು. ಈ ಹಿಂದಿನ ಅಲೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಬಾಕ್ಸ್‌ನ ಒಂದೊಂದು ಬಗೆಯೂ ಒಂದೊಂದು ಉತ್ತರ.

ಈ ಮಂದ್ರದಲ್ಲಿ ಏನೆಲ್ಲ ಇರುತ್ತದೆ ಎಂಬುದನ್ನೂ ತಿಳಿದಿರಬೇಕು. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಸ್, ಐದು ತಂತಿಯದಾದರೆ 31. ಪಿಯಾನೋದ ಎಡತುದಿಯ ಮನೆ 27.5. ಎಲೆಕ್ಟ್ರಾನಿಕ್ ಡಾನ್ಸ್ ಹಾಡುಗಳ ಬೇಸ್ 30–40 ಹರ್ಟ್ಸ್‌ಗೂ ಇಳಿಯುತ್ತದೆ. ಹಳೆಯ ಚಿತ್ರಗೀತೆ, ಭಾವಗೀತೆ, ಕಛೇರಿ ಸಂಗೀತವನ್ನೇ ಹೆಚ್ಚಾಗಿ ಕೇಳುವವರಿಗೆ 40 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಕಳೆದುಹೋಗುವುದಿಲ್ಲ. ಅವರಿಗೆ ಬೇಕಾದದ್ದು ಆಳಕ್ಕಿಂತ ಸ್ಪಷ್ಟತೆ.

ಮೂರು ವರ ಕೇಳಿದರೆ ಸಿಗುವುದು ಎರಡು

ಅಮೆರಿಕದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿ 1957ರಲ್ಲಿ ಶುರುವಾಯಿತು. ಅದರ ಹೆಸರಿನ 'ಎಚ್' ಅಕ್ಷರಕ್ಕೆ ಕಾರಣರಾದವರು ಆಂಟನ್ ಹಾಫ್‌ಮನ್. ಸ್ಪೀಕರ್ ಲೋಕದಲ್ಲಿ ಇಂದಿಗೂ 'ಹಾಫ್‌ಮನ್‌ರ ಕಬ್ಬಿಣದ ನಿಯಮ' ಎಂಬ ಮಾತು ಚಾಲ್ತಿಯಲ್ಲಿದೆ. ಬಾಕ್ಸ್ ಚಿಕ್ಕದಿರಬೇಕು, ಬೇಸ್ ಆಳಕ್ಕೆ ಇಳಿಯಬೇಕು, ಕಡಿಮೆ ವಾಟ್‌ಗೆ ಜೋರು ಸದ್ದು ಬರಬೇಕು – ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು ಎಂಬುದು ಅದರ ಸಾರ. ಚಿಕ್ಕ ಬಾಕ್ಸ್‌ನಲ್ಲಿ ಆಳದ ಬೇಸ್ ಬೇಕಿದ್ದರೆ ಆಂಪ್ ದೊಡ್ಡದಾಗಬೇಕು. ಚಿಕ್ಕ ಬಾಕ್ಸ್‌ನಲ್ಲಿ ಜೋರು ಸದ್ದು ಬೇಕಿದ್ದರೆ ಆಳವನ್ನು ಮರೆಯಬೇಕು. ಆಳವೂ ಜೋರೂ ಬೇಕೆಂದರೆ ಡಿಕ್ಕಿಯನ್ನು ಬಾಕ್ಸ್‌ಗೇ ಬರೆದುಕೊಡಬೇಕು.

ಕಂಪನಿ ಯಾವುದಾದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಅಂಗೈಯಗಲದ ಡಬ್ಬಿಯೊಂದು ಮೂರನ್ನೂ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಸೀಲ್ಡ್ ಬಾಕ್ಸ್: ಮುಚ್ಚಿದ ಪೆಟ್ಟಿಗೆಯ ಶಿಸ್ತು

ಎಲ್ಲ ಕಡೆಯಿಂದಲೂ ಗಾಳಿಯಾಡದಂತೆ ಮುಚ್ಚಿದ ಬಾಕ್ಸ್ ಇದು. ಹಿಂದಿನ ಅಲೆ ಒಳಗೇ ಬಂದಿಯಾಗುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅಮೆರಿಕದ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿ, ಎಆರ್-1 ಎಂಬ ಸ್ಪೀಕರ್ ತಂದರು. ಕೋನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್‌ನ ಕೆಲಸವನ್ನು ಬಾಕ್ಸ್‌ನೊಳಗಿನ ಗಾಳಿಗೇ ವಹಿಸಿದ್ದು ಅದರ ಹೆಚ್ಚುಗಾರಿಕೆ. ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಕೊಡುತ್ತಿದ್ದ ಬೇಸ್ ಆಗ ಪುಸ್ತಕದ ಶೆಲ್ಫಿನಲ್ಲಿ ಹಿಡಿಸುವ ಪೆಟ್ಟಿಗೆಯಿಂದ ಬಂತು. ವಿಲ್ಚರ್‌ಗೆ 1956ರಲ್ಲಿ ಪೇಟೆಂಟ್ ದೊರೆಯಿತು.

ಸೀಲ್ಡ್ ಬಾಕ್ಸ್‌ನಲ್ಲಿ ಗಾಳಿ ಎಂದೂ ಕೋನಿನ ಕೈಬಿಡುವುದಿಲ್ಲ. ಎಷ್ಟೇ ಕೆಳಗಿನ ಸ್ವರ ಬರಲಿ, ಒಳಗಿನ ಒತ್ತಡ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಹೊಡೆತ ಬಿದ್ದ ಕೂಡಲೇ ಶುರು, ನಿಂತ ಕೂಡಲೇ ನಿಲುಗಡೆ. ಡಬಲ್ ಪೆಡಲ್‌ನ ಡ್ರಮ್, ತಬಲಾ, ವೇಗದ ಬೇಸ್ ಗಿಟಾರ್ ಬಿಡಿಬಿಡಿಯಾಗಿ ಕೇಳುವುದು ಇದರಲ್ಲೇ. ತಕರಾರು ಒಂದೇ: ಅನುರಣನ ಬಿಂದುವಿನಿಂದ (ಬಾಕ್ಸ್‌ನಲ್ಲಿ ಕೂತ ವೂಫರ್ ತಾನಾಗಿ ಮಿಡಿಯುವ ಹರ್ಟ್ಸ್‌ನಿಂದ) ಕೆಳಗೆ ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧವಾದಾಗಲೆಲ್ಲ, ಸದ್ದು 12 ಡೆಸಿಬೆಲ್ ಇಳಿಯುತ್ತದೆ.

ಮನೆಯಲ್ಲಿ ಇದು ಕೊರತೆಯೇ. ಕಾರಿನಲ್ಲಿ ಹಾಗಲ್ಲ, ಅದೇ ಅದೃಷ್ಟ. ಕಾರಿನೊಳಗಿನ ಉದ್ದ ಸುಮಾರು ಎರಡೂಮುಕ್ಕಾಲು ಮೀಟರ್ ಎಂದುಕೊಳ್ಳೋಣ. ಅಲೆಯ ಅರ್ಧ ಭಾಗ ಇದಕ್ಕಿಂತ ಉದ್ದವಾಗುವುದು ಸುಮಾರು 60 ಹರ್ಟ್ಸ್‌ನಿಂದ ಕೆಳಗೆ. ಅಲ್ಲಿಂದ ಮುಂದೆ ಅಲೆ ಓಡಾಡುವ ಬದಲು ಇಡೀ ಕ್ಯಾಬಿನ್‌ನ ಗಾಳಿ ಒಟ್ಟಾಗಿ ಒತ್ತಿಸಿಕೊಳ್ಳುತ್ತದೆ, ಸದ್ದು ತಾನಾಗಿ ಏರುತ್ತದೆ. ಇದಕ್ಕೆ ಕ್ಯಾಬಿನ್ ಗೇನ್ ಎನ್ನುತ್ತಾರೆ. ಸಿದ್ಧಾಂತದ ಪ್ರಕಾರ ಈ ಏರಿಕೆಯೂ ಆಕ್ಟೇವ್‌ಗೆ 12 ಡೆಸಿಬೆಲ್. ಬಾಗಿಲಿನ ಸಂದು, ತೆಳು ತಗಡು, ಗಾಜುಗಳಿಂದಾಗಿ ಪೂರ್ತಿ ಸಿಗದಿದ್ದರೂ, ಸೀಲ್ಡ್ ಬಾಕ್ಸ್ ಕಳೆದುಕೊಂಡದ್ದರ ದೊಡ್ಡ ಪಾಲನ್ನು ಕಾರು ತುಂಬಿಕೊಡುತ್ತದೆ. ಹ್ಯಾಚ್‌ಬ್ಯಾಕ್‌ನಲ್ಲಿ ಪುಟ್ಟ ಸೀಲ್ಡ್ ಬಾಕ್ಸ್ ಎಣಿಕೆಗೂ ಮೀರಿ ಆಳಕ್ಕೆ ಇಳಿಯುವುದು ಇದರಿಂದಲೇ.

ಬಾಕ್ಸ್ ಎಷ್ಟು ಲೀಟರ್ ಇರಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ವೂಫರ್‌ನ ಮಾಹಿತಿಪತ್ರದಲ್ಲಿ ಎಫ್‌ಎಸ್ (ಬಾಕ್ಸ್ ಇಲ್ಲದಾಗ ವೂಫರ್ ತಾನಾಗಿ ಮಿಡಿಯುವ ವೇಗ) 28 ಹರ್ಟ್ಸ್, ಕ್ಯೂಟಿಎಸ್ (ಆ ಮಿಡಿತ ಎಷ್ಟು ಹಿಡಿತದಲ್ಲಿದೆ ಎಂಬುದರ ಅಂಕಿ) 0.5, ವಿಎಎಸ್ (ಸಸ್ಪೆನ್ಷನ್‌ನ ಸಡಿಲತೆ) 50 ಲೀಟರ್ ಎಂದಿದೆ ಎನ್ನೋಣ. ವಿಎಎಸ್ಸನ್ನು ಬಾಕ್ಸ್‌ನ ಲೀಟರ್‌ನಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆಯಬೇಕು. ಬಂದ ಸಂಖ್ಯೆಯಿಂದ ಕ್ಯೂಟಿಎಸ್ ಮತ್ತು ಎಫ್‌ಎಸ್ ಎರಡನ್ನೂ ಗುಣಿಸಬೇಕು. 50 ಲೀಟರ್ ಬಾಕ್ಸ್‌ನಲ್ಲಿ ಆ ಸಂಖ್ಯೆ 1.41, ಒಟ್ಟು ಕ್ಯೂ 0.71, ಅನುರಣನ 40 ಹರ್ಟ್ಸ್. ಸಪಾಟಾದ, ಏರುಪೇರಿಲ್ಲದ ಬೇಸ್‌ಗೆ 0.707 ಅನ್ನೇ ಗುರಿಯಾಗಿ ಹಿಡಿಯುತ್ತಾರೆ. ಅದೇ ವೂಫರನ್ನು 25 ಲೀಟರ್‌ಗೆ ಇಳಿಸಿದರೆ ಕ್ಯೂ 0.87, ಅನುರಣನ 48 ಹರ್ಟ್ಸ್. ಇದೂ ನಡೆಯುತ್ತದೆ, ಕಾರಿನಲ್ಲಿ ಹಲವರಿಗೆ ಈ ತುಸು ದುಂಡು ಬೇಸ್ ಇಷ್ಟವೂ ಹೌದು. ಇನ್ನೂ ಕುಗ್ಗಿಸಿ 17 ಲೀಟರ್ ಮಾಡಿದರೆ ಕ್ಯೂ 1ಕ್ಕೆ, ಅನುರಣನ 56 ಹರ್ಟ್ಸ್‌ಗೆ ಮುಟ್ಟುತ್ತದೆ. ಅಲ್ಲಿಂದ ಆ 'ಗುಂ' ಆರಂಭ.

ಜಾಗ ಸಾಲದಿದ್ದರೆ ಸೀಲ್ಡ್ ಬಾಕ್ಸ್‌ನೊಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಹರಡಬಹುದು. ಬಾಕ್ಸ್ ಶೇ 10–20ರಷ್ಟು ದೊಡ್ಡದಾದಂತೆ ವೂಫರ್ ವರ್ತಿಸುತ್ತದೆ.

ಪೋರ್ಟೆಡ್ ಬಾಕ್ಸ್: ಹಿಂದಿನ ಅಲೆಗೂ ಕೆಲಸ

ಹಿಂದಿನ ಅಲೆಯನ್ನು ಬಂದಿ ಮಾಡುವ ಬದಲು, ಅದನ್ನು ಪಳಗಿಸಿ ಹೊರಗೆ ಬಿಟ್ಟರೆ? ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥೂರಾಸ್ ಈ ಉಪಾಯಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಬಾಕ್ಸ್‌ಗೊಂದು ಕೊಳವೆ, ಅದೇ ಪೋರ್ಟ್. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ಒಂದೇ ಸ್ವರ ಹೊಮ್ಮುತ್ತದಲ್ಲ, ಅದೇ ಭೌತಶಾಸ್ತ್ರ: ಒಳಗಿನ ಗಾಳಿ ಸ್ಪ್ರಿಂಗ್, ಕೊಳವೆಯ ಗಾಳಿ ಅದಕ್ಕೆ ಕಟ್ಟಿದ ತೂಕ. ಎರಡೂ ಸೇರಿ ಒಂದು ನಿರ್ದಿಷ್ಟ ಹರ್ಟ್ಸ್‌ನಲ್ಲಿ ಮಿಡಿಯುತ್ತವೆ. ಅದನ್ನು ಟ್ಯೂನಿಂಗ್ ಎನ್ನುತ್ತಾರೆ. ಆ ಬಿಂದುವಿನ ಆಸುಪಾಸಿನಲ್ಲಿ ಕೋನ್ ಬಹುತೇಕ ನಿಂತೇ ಇರುತ್ತದೆ, ಸದ್ದೆಲ್ಲ ಕೊಳವೆಯಿಂದ. ಅಷ್ಟೇ ವಾಟ್‌ಗೆ ಸೀಲ್ಡ್‌ಗಿಂತ ಸುಮಾರು 3 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಅದು ಆಂಪ್‌ನ ಶಕ್ತಿಯನ್ನು ದುಪ್ಪಟ್ಟು ಮಾಡಿದ್ದಕ್ಕೆ ಸಮ.

ಥೂರಾಸ್ ನಂತರವೂ ದಶಕಗಳ ಕಾಲ ಪೋರ್ಟ್‌ನ ಅಳತೆ ಅಂದಾಜಿನ ಕೆಲಸವಾಗಿಯೇ ಉಳಿದಿತ್ತು. ಅದಕ್ಕೆ ಗಣಿತದ ಬುನಾದಿ ಹಾಕಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರ ಪ್ರಬಂಧದಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ಪೂರ್ಣಗೊಳಿಸಿದರು. ಇಂದು ವೂಫರ್‌ನ ಜೊತೆ ಬರುವ ಮಾಹಿತಿಪತ್ರದಲ್ಲಿ 'ಥೀಲ್-ಸ್ಮಾಲ್' ಎಂದು ಕಾಣುವುದು ಇವರಿಬ್ಬರ ಹೆಸರೇ.

ಪೋರ್ಟೆಡ್ ಬಾಕ್ಸ್‌ಗೆ ಎರಡು ಅಪಾಯಗಳಿವೆ, ಎರಡನ್ನೂ ಮೊದಲೇ ತಿಳಿದಿರಬೇಕು. ಮೊದಲನೆಯದು ಟ್ಯೂನಿಂಗ್‌ನಿಂದ ಕೆಳಗಿನದು. ಅಲ್ಲಿ ಸದ್ದು ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಒಳಗಿನ ಗಾಳಿ ಕೋನನ್ನು ಹಿಡಿಯುವುದಿಲ್ಲ. 35 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಬಾಕ್ಸ್‌ಗೆ 22 ಹರ್ಟ್ಸ್‌ನ ಸದ್ದು ಜೋರಾಗಿ ಬಂದರೆ ಕೋನ್ ಲಂಗುಲಗಾಮಿಲ್ಲದೆ ಹಾರಾಡಿ, ವಾಯ್ಸ್ ಕಾಯಿಲ್ ಹಿಂಬದಿಯ ಲೋಹಕ್ಕೆ ಬಡಿಯುತ್ತದೆ. ಆದ್ದರಿಂದ ಆಂಪ್‌ನಲ್ಲಿ ಇಂಥ ಅತಿ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು. ಈ ಉದಾಹರಣೆಗೆ ಅದನ್ನು 28 ಹರ್ಟ್ಸ್‌ನ ಹತ್ತಿರ ಇಡುವುದು ವಾಡಿಕೆ.

ಎರಡನೆಯದು ಕೊಳವೆಯ ಅಳತೆ. ನಿವ್ವಳ 50 ಲೀಟರ್ ಬಾಕ್ಸ್, 35 ಹರ್ಟ್ಸ್ ಟ್ಯೂನಿಂಗ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 3 ಇಂಚು ವ್ಯಾಸದ ಕೊಳವೆ ಸುಮಾರು 17 ಸೆಂ.ಮೀ. ಉದ್ದ ಇದ್ದರೆ ಸಾಕು. 4 ಇಂಚಿನದಕ್ಕೆ 31 ಸೆಂ.ಮೀ. ಬೇಕು. 6 ಇಂಚಿನದಕ್ಕೆ 75 ಸೆಂ.ಮೀ. 3 ಇಂಚಿನದು ಸುಲಭವಾಗಿ ಹಿಡಿಸುತ್ತದೆ, ಆದರೆ ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗಿ ಬುಸ್‌ಬುಸ್ ಸದ್ದು ಮಾಡುತ್ತದೆ. ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ದಾಟದಂತೆ ನೋಡಿಕೊಳ್ಳಬೇಕೆಂಬುದು ವಿನ್ಯಾಸಕಾರರ ಮಾಮೂಲು ಸೂತ್ರ. 6 ಇಂಚಿನದರಲ್ಲಿ ಉಸಿರು ಸರಾಗ, ಆದರೆ ಕೊಳವೆಯೇ 13 ಲೀಟರ್‌ಗೂ ಹೆಚ್ಚು ಜಾಗ ನುಂಗುತ್ತದೆ. ಮಧ್ಯಮ ಶಕ್ತಿಯ ವೂಫರ್‌ಗೆ ಎರಡೂ ತುದಿ ಅಗಲವಾಗಿ ಬಾಗಿದ 4 ಇಂಚಿನ ಕೊಳವೆ ರಾಜಿಯ ದಾರಿ. ದೊಡ್ಡ ಆಂಪ್ ಇದ್ದರೆ ಬಾಕ್ಸ್‌ನ ಗೋಡೆಗುಂಟ ಎಲ್ ಆಕಾರದಲ್ಲಿ ಮಡಚಿದ ಮರದ ಸ್ಲಾಟ್ ಪೋರ್ಟ್ ಮಾಡಿಸಬೇಕಾಗುತ್ತದೆ.

ಸೀಲ್ಡ್ ಬಾಕ್ಸ್ ನಾಲ್ಕೈದು ಲೀಟರ್ ಹೆಚ್ಚುಕಡಿಮೆಯಾದರೂ ಕ್ಷಮಿಸುತ್ತದೆ. ಪೋರ್ಟೆಡ್ ಕ್ಷಮಿಸುವುದಿಲ್ಲ, ಬಡಗಿಯ ಟೇಪು ತಪ್ಪಿದರೆ ಟ್ಯೂನಿಂಗ್ ತಪ್ಪುತ್ತದೆ.

ಉಳಿದ ಬಗೆಗಳು

ಬ್ಯಾಂಡ್‌ಪಾಸ್ ಬಾಕ್ಸ್‌ನಲ್ಲಿ ವೂಫರ್ ಹೊರಗೆ ಕಾಣುವುದೇ ಇಲ್ಲ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕೂತು, ಕೊಳವೆಯ ಮೂಲಕವಷ್ಟೇ ನುಡಿಯುತ್ತದೆ. ಕಿರಿದಾದ ಒಂದು ಪಟ್ಟಿಯಲ್ಲಿ ಭಾರಿ ಜೋರು. ಸ್ಪರ್ಧೆಗಳಿಗೆ, ಪ್ರದರ್ಶನದ ಕಾರುಗಳಿಗೆ ಸರಿ. ಆದರೆ ವೂಫರ್ ನರಳುತ್ತಿರುವುದು ಹೊರಗೆ ಕೇಳಿಸದ ಕಾರಣ ಸುಟ್ಟ ಮೇಲೆಯೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಬಣ್ಣದ ದೀಪ, ಅಕ್ರಿಲಿಕ್ ಕಿಟಕಿ ಹಾಕಿದ ಬ್ಯಾಂಡ್‌ಪಾಸ್ ಕಣ್ಸೆಳೆದರೂ ಮೊದಲ ಬಾಕ್ಸ್ ಆಗಿ ಅದು ಬೇಡ.

ಟ್ರಾನ್ಸ್‌ಮಿಷನ್ ಲೈನ್ ಬಗೆಯದರಲ್ಲಿ ಹಿಂದಿನ ಅಲೆ ಉದ್ದದ ಸುರಂಗ ಹಾದು ಬರುತ್ತದೆ. ಸುರಂಗದ ಉದ್ದ ಅಲೆಯ ಕಾಲು ಭಾಗ ಇರಬೇಕು. 35 ಹರ್ಟ್ಸ್‌ಗೆ ಅದು ಎರಡೂವರೆ ಮೀಟರ್ ಹತ್ತಿರ. ಸೊಗಸಾದ ಬೇಸ್, ಆದರೆ ಡಿಕ್ಕಿಯ ಮೇಲಿನ ಆಸೆ ಬಿಡಬೇಕು.

ಇನ್‌ಫಿನಿಟ್ ಬ್ಯಾಫಲ್ ಎಂಬುದಕ್ಕೆ ಬಾಕ್ಸೇ ಇಲ್ಲ. ಸೆಡಾನ್ ಕಾರಿನ ಹಿಂದಿನ ಸೀಟಿನ ಬೆನ್ನಿಗೆ ಗಟ್ಟಿ ಹಲಗೆ ಬಿಗಿದು ಅದರಲ್ಲಿ ವೂಫರ್ ಕೂರಿಸಿದರೆ ಇಡೀ ಡಿಕ್ಕಿಯೇ ಬಾಕ್ಸ್. ಇದಕ್ಕೆ ಕ್ಯೂಟಿಎಸ್ 0.6ರಿಂದ 0.8ರ ನಡುವಿನ ವೂಫರ್ ಬೇಕು. ಡಿಕ್ಕಿಗೂ ಕ್ಯಾಬಿನ್‌ಗೂ ನಡುವಿನ ಒಂದೊಂದು ತೂತನ್ನೂ ಮುಚ್ಚಬೇಕು. ಹ್ಯಾಚ್‌ಬ್ಯಾಕ್‌ನಲ್ಲಿ ಸಾಧ್ಯವಿಲ್ಲ.

ಇನ್ನು ಸೀಟಿನಡಿಯ ಆಕ್ಟಿವ್ ಸಬ್‌ವೂಫರ್. ಆಂಪ್ ಒಳಗೇ ಇರುವ, ನಾಲ್ಕು ಬೆರಳು ಎತ್ತರದ ಪೆಟ್ಟಿಗೆ. ಪಯೋನಿಯರ್, ಸೋನಿ, ಜೆಬಿಎಲ್ ಮುಂತಾದವರ ಇಂಥ ಮಾದರಿಗಳು ಮಾರುಕಟ್ಟೆಯಲ್ಲಿವೆ. ಇವುಗಳಲ್ಲಿ ಹೆಚ್ಚಾಗಿ ಇರುವ 8 ಇಂಚಿನ ಕೋನಿನ ವಿಸ್ತೀರ್ಣ 12 ಇಂಚಿನದರ ಅರ್ಧಕ್ಕಿಂತ ಕಡಿಮೆ. ಅದೇ ಸದ್ದನ್ನು ಒಂದು ಆಕ್ಟೇವ್ ಕೆಳಗೆ ಹೊರಡಿಸಲು ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ತೆಳು ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೂ ಕಂಪನಿ ಸ್ಪೀಕರ್‌ಗಳಲ್ಲಿ ಇಲ್ಲದ ಕೆಳಗಿನ ದನಿಯನ್ನು ಇದು ಚೆನ್ನಾಗಿಯೇ ತುಂಬುತ್ತದೆ. ಡಿಕ್ಕಿ ಮುಟ್ಟಬಾರದು ಎನ್ನುವವರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ನಮ್ಮ ಕಾರು, ನಮ್ಮ ಡಿಕ್ಕಿ

2006ರ ಕೇಂದ್ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಮೀರದ, ಚಿಕ್ಕ ಎಂಜಿನ್‌ನ ಕಾರುಗಳಿಗೆ ಅಬಕಾರಿ ಸುಂಕ ಇಳಿಯಿತು. ಆಮೇಲೆ ಭಾರತದ ರಸ್ತೆಗಳಲ್ಲಿ ಇಂಥ ಗಿಡ್ಡ ಕಾರುಗಳದೇ ಕಾರುಬಾರು. ಪುಟ್ಟ ಡಿಕ್ಕಿ ನಮ್ಮ ಕಾರುಗಳ ಹುಟ್ಟುಗುಣ. 2018ರ ಸ್ವಿಫ್ಟ್‌ನ ಡಿಕ್ಕಿ 268 ಲೀಟರ್, 2017ರ ಡಿಜೈರ್‌ನದು 378, ಐದನೇ ತಲೆಮಾರಿನ ಹೋಂಡಾ ಸಿಟಿಯದು 506. ಸಿಎನ್‌ಜಿ ಕಾರುಗಳಲ್ಲಿ ಇನ್ನೂ ಇಕ್ಕಟ್ಟು. ಸಿಲಿಂಡರನ್ನು ಎರಡಾಗಿ ಒಡೆದು ಅಡಿಗೆ ಸೇರಿಸಿದ ಟಾಟಾ ಆಲ್ಟ್ರೋಜ್‌ನಲ್ಲೂ ಉಳಿಯುವುದು 210 ಲೀಟರ್.

50 ಲೀಟರ್‌ನ ಪೋರ್ಟೆಡ್ ಬಾಕ್ಸ್ ಹೊರ ಅಳತೆಯಲ್ಲಿ ಸುಮಾರು 77 ಲೀಟರ್ ಹಿಡಿಯುತ್ತದೆ. ಸಿಟಿಯಲ್ಲಿ ಅದು ಏಳರಲ್ಲೊಂದು ಪಾಲು, ಸ್ವಿಫ್ಟ್‌ನಲ್ಲಿ ಕಾಲು ಭಾಗಕ್ಕೂ ಹೆಚ್ಚು. ಊರಿಗೆ ಹೊರಟಾಗ ಎರಡು ಸೂಟ್‌ಕೇಸ್, ತೆಂಗಿನಕಾಯಿ ಚೀಲ, ಮಗುವಿನ ಸ್ಟ್ರೋಲರ್ ಹಿಡಿಸಬೇಕಾದ ಕುಟುಂಬದ ಹ್ಯಾಚ್‌ಬ್ಯಾಕ್‌ಗೆ 25–30 ಲೀಟರ್‌ನ ಸೀಲ್ಡ್ ಬಾಕ್ಸ್, 10 ಇಂಚಿನ ವೂಫರ್ ಸಾಕು. ಕ್ಯಾಬಿನ್ ಮತ್ತು ಡಿಕ್ಕಿ ಒಂದೇ ಕೋಣೆಯಾದ್ದರಿಂದ ಸದ್ದು ನೇರವಾಗಿ ಬರುತ್ತದೆ. ಸೆಡಾನ್‌ನಲ್ಲಿ ಸೀಟಿನ ಬೆನ್ನು, ಪಾರ್ಸೆಲ್ ಟ್ರೇಯ ತಗಡು ಅಡ್ಡ ಬಂದು ಸದ್ದು ತುಸು ತಗ್ಗುತ್ತದೆ, ಜಾಗ ಮಾತ್ರ ಧಾರಾಳ. ಅಲ್ಲಿ ಪೋರ್ಟೆಡ್ ಬಾಕ್ಸ್‌ನ ಹೆಚ್ಚುವರಿ ಡೆಸಿಬೆಲ್ ಉಪಯೋಗಕ್ಕೆ ಬರುತ್ತದೆ. ಮೂರನೇ ಸಾಲಿನ ಸೀಟು ಬಳಸುವ ಎಸ್‌ಯುವಿಗಳಲ್ಲಿ ಸೀಟಿನಡಿಯ ಪೆಟ್ಟಿಗೆಯೋ ಪಕ್ಕದ ಗೋಡೆಯ ಒಳಗೆ ಫೈಬರ್‌ಗ್ಲಾಸ್‌ನಲ್ಲಿ ಅಚ್ಚು ಹಾಕಿದ ಸೀಲ್ಡ್ ಬಾಕ್ಸೋ ಒಪ್ಪುತ್ತದೆ.

ಸ್ಟೆಪ್ನಿಯ ಮಾತು ಮರೆಯಬಾರದು. ಬಾಕ್ಸ್‌ನ ಕೆಳಗೆ ಸ್ಟೆಪ್ನಿ ಇದ್ದರೆ, ಹೆದ್ದಾರಿಯಲ್ಲಿ ಪಂಕ್ಚರ್ ಆದ ರಾತ್ರಿ ಒಬ್ಬರೇ ಬಾಕ್ಸ್ ಎತ್ತಿಡಲು ಸಾಧ್ಯವಾಗಬೇಕು.

ಮಾಹಿತಿಪತ್ರ ಓದುವ ಬಗೆ

ವಾಟ್‌ನ ಸಾಲಿನಲ್ಲಿ 'ಮ್ಯಾಕ್ಸ್', 'ಪೀಕ್' ಎಂದಿರುವ ಸಾವಿರಗಳನ್ನು ಬಿಟ್ಟು ನಿರಂತರವಾಗಿ ತಾಳಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನಷ್ಟೇ ನೋಡಬೇಕು. ಎಫ್‌ಎಸ್ ಎಂದರೆ ವೂಫರ್ ಬರಿಮೈಯಲ್ಲಿ ಮಿಡಿಯುವ ಹರ್ಟ್ಸ್. ವಿಎಎಸ್ ಅದರ ಸಸ್ಪೆನ್ಷನ್ ಎಷ್ಟು ಸಡಿಲ ಎಂಬುದನ್ನು ಲೀಟರ್ ಲೆಕ್ಕದಲ್ಲಿ ಹೇಳುತ್ತದೆ. ಎಕ್ಸ್‌ಮ್ಯಾಕ್ಸ್ ಕೋನ್ ಸುರಕ್ಷಿತವಾಗಿ ಎಷ್ಟು ಮಿ.ಮೀ. ಚಲಿಸಬಲ್ಲದು ಎಂಬುದು.

ಎಫ್‌ಎಸ್ಸನ್ನು ಕ್ಯೂಇಎಸ್‌ನಿಂದ (ಕ್ಯೂಟಿಎಸ್‌ನಂತೆಯೇ, ಆದರೆ ಅಯಸ್ಕಾಂತ ಮತ್ತು ಕಾಯಿಲ್‌ನ ಹಿಡಿತವನ್ನಷ್ಟೇ ಹೇಳುವ ಅಂಕಿ) ಭಾಗಿಸಿದರೆ ಬಾಕ್ಸ್‌ನ ಸುಳಿವು ಸಿಗುತ್ತದೆ. 50ರ ಸುತ್ತಮುತ್ತ ಅಥವಾ ಕಡಿಮೆ ಬಂದರೆ ಸೀಲ್ಡ್, 100ರ ಹತ್ತಿರ ಅಥವಾ ಹೆಚ್ಚಾದರೆ ಪೋರ್ಟೆಡ್, ನಡುವೆ ಇದ್ದರೆ ಎರಡೂ ನಡೆಯುತ್ತದೆ. ಉದಾಹರಣೆಗೆ ಎಫ್‌ಎಸ್ 30, ಕ್ಯೂಇಎಸ್ 0.4 ಇದ್ದರೆ 75 ಬರುತ್ತದೆ. ಅಂಥ ವೂಫರ್‌ಗೆ ಡಿಕ್ಕಿಯ ಜಾಗವೇ ತೀರ್ಪುಗಾರ. ಹೆಸರಾಂತ ಕಂಪನಿಗಳು ಸೀಲ್ಡ್‌ಗೆ ಇಷ್ಟು, ಪೋರ್ಟೆಡ್‌ಗೆ ಇಷ್ಟು ಎಂದು ಬಾಕ್ಸ್‌ನ ಅಳತೆಯನ್ನೇ ಮುದ್ರಿಸಿ ಕೊಡುತ್ತವೆ. ಅಮೆರಿಕದ ಕಂಪನಿಗಳು ಘನ ಅಡಿಯಲ್ಲಿ ಬರೆದಿರುತ್ತವೆ. ಒಂದು ಘನ ಅಡಿ ಎಂದರೆ 28.3 ಲೀಟರ್. ಈ ಯಾವ ಅಂಕಿಯೂ ಇಲ್ಲದೆ ಬರೀ ವಾಟ್ ಮಾತ್ರ ಬರೆದ ವೂಫರ್‌ಗೆ ಸರಿಯಾದ ಬಾಕ್ಸ್ ಮಾಡಿಸುವುದು ಯಾರಿಗೂ ಸಾಧ್ಯವಿಲ್ಲ.

ಬಡಗಿಯ ಬಳಿ ಹೋಗುವ ಮೊದಲು

ಹೆಚ್ಚು ತಪ್ಪಾಗುವುದು ಒಳ ಅಳತೆ, ಹೊರ ಅಳತೆಗಳ ಗೊಂದಲದಲ್ಲಿ. ಹೊರಗೆ 55, 40, 35 ಸೆಂ.ಮೀ. ಇರುವ ಬಾಕ್ಸನ್ನು ಗುಣಿಸಿದರೆ 77 ಲೀಟರ್. ಆದರೆ 18 ಮಿ.ಮೀ. ಹಲಗೆಯ ದಪ್ಪ ಎರಡೂ ಬದಿ ಕಳೆದರೆ ಒಳಗೆ 51.4, 36.4, 31.4 ಸೆಂ.ಮೀ. ಉಳಿದು ಸುಮಾರು 59 ಲೀಟರ್ ಆಗುತ್ತದೆ. ವೂಫರ್‌ನ ಬೆನ್ನಿಗೆ 3, ಕೊಳವೆಗೆ 3, ಒಳಗಿನ ಅಡ್ಡಪಟ್ಟಿಗೆ 2 ಲೀಟರ್ ಹೋದರೆ ನಿವ್ವಳ 51. ಹೊರ ಅಳತೆ ನೋಡಿ ಹೊರಟವರು 26 ಲೀಟರ್ ಎಡವುತ್ತಾರೆ. ಹಿಂದಿನ ಸೀಟಿನ ಇಳಿಜಾರಿಗೆ ಒರಗುವಂತೆ ಓರೆ ಬಾಕ್ಸ್ ಮಾಡಿಸುವುದಾದರೆ ಮೇಲಿನ ಮತ್ತು ಕೆಳಗಿನ ಆಳದ ಸರಾಸರಿ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಆಕಾರ ಬದಲಾದರೂ ಬೇಸ್ ಬದಲಾಗುವುದಿಲ್ಲ, ಲೀಟರ್ ಸರಿಯಿದ್ದರೆ ಆಯಿತು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹವೆಗೆ 18 ಮಿ.ಮೀ. ಎಂಡಿಎಫ್ ಸರಿ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಎಂಡಿಎಫ್ ತೇವ ಕುಡಿದು ಉಬ್ಬುತ್ತದೆ. ಅಲ್ಲಿಯವರು ಒಳ್ಳೆಯ ದರ್ಜೆಯ ವಾಟರ್‌ಪ್ರೂಫ್ ಪ್ಲೈವುಡ್ ಬಳಸುವುದು ಮೇಲು. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ವೂಫರ್ ಕೂರುವ ಮುಖಕ್ಕೆ ಎರಡು ಪದರ ಹಲಗೆ, ಒಳಗೆ ಎದುರುಬದುರು ಗೋಡೆಗಳನ್ನು ಹಿಡಿಯುವ ಒಂದಾದರೂ ಅಡ್ಡಪಟ್ಟಿ ಇರಲಿ. ಕೀಲುಗಳಿಗೆ ಫೆವಿಕಾಲ್, ಹತ್ತು ಹದಿನೈದು ಸೆಂ.ಮೀ.ಗೊಂದು ಸ್ಕ್ರೂ, ಒಳಮೂಲೆಗೆಲ್ಲ ಸಿಲಿಕಾನ್. ಸಿಲಿಕಾನ್ ಬಿಡುವ ಹುಳಿವಾಸನೆಯ ಆವಿ ವೂಫರ್‌ಗೆ ಒಳ್ಳೆಯದಲ್ಲ. ಒಂದು ದಿನ ಪೂರ್ತಿ ಒಣಗಿದ ಮೇಲೆಯೇ ವೂಫರ್ ಕೂರಿಸಬೇಕು.

ಸೀಲ್ಡ್ ಬಾಕ್ಸ್ ನಿಜಕ್ಕೂ ಸೀಲ್ ಆಗಿದೆಯೇ ಎಂಬುದನ್ನು ನೋಡಲು ಎರಡೂ ಅಂಗೈಯಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಿ ಬಿಡಬೇಕು. ಗಾಳಿ ಸೋರದಿದ್ದರೆ ಒತ್ತುವಾಗಲೇ ಎದುರೊತ್ತಡ ಕೈಗೆ ಗೊತ್ತಾಗುತ್ತದೆ. ಸಂಶಯವಿದ್ದರೆ 30–40 ಹರ್ಟ್ಸ್‌ನ ಟೋನ್ ನುಡಿಸಿ, ಹೊತ್ತಿಸಿದ ಊದುಬತ್ತಿಯನ್ನು ಕೀಲುಗಳ ಗುಂಟ ಎಚ್ಚರದಿಂದ ಒಯ್ಯಬೇಕು. ಹೊಗೆ ನಡುಗಿದ ಕಡೆ ಸೋರಿಕೆ ಇದೆ. ಈ ಪರೀಕ್ಷೆ ಕಾರಿನ ಹೊರಗೇ ಆಗಲಿ, ಡಿಕ್ಕಿಯ ಕಾರ್ಪೆಟ್ ಬಳಿ ಬೆಂಕಿ ಬೇಡ.

ಕೂರಿಸುವುದು, ಹೊಂದಿಸುವುದು

ಮೇಲಿನ ಅಳತೆಯ ಬಾಕ್ಸ್‌ನ ಎಂಡಿಎಫ್ ತೂಕವೇ 14 ಕಿಲೋ ಆಸುಪಾಸು. ವೂಫರ್ ಸೇರಿ 20 ದಾಟುತ್ತದೆ. ಬ್ರೇಕ್ ಹಾಕಿದಾಗ, ಅಪಘಾತವಾದಾಗ ಇದು ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೆ ಬಂದು ಬಡಿಯಬಾರದು. ಬೆಲ್ಟ್ ಅಥವಾ ಎಲ್-ಕ್ಲಾಂಪ್ ಹಾಕಿ ಕಾರಿನ ಲೋಹದ ಕೊಂಡಿಗೆ ಬಿಗಿಯಲೇಬೇಕು. ಸ್ಕ್ರೂ ಕೊರೆಯುವ ಮುನ್ನ ಅಡಿಯಲ್ಲಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆ ಎಂಬುದು ಗೊತ್ತಿರಬೇಕು.

300 ವಾಟ್ ಆರ್‌ಎಂಎಸ್‌ನ ಕ್ಲಾಸ್-ಡಿ ಆಂಪ್ ಪೂರ್ತಿ ದುಡಿದಾಗ ಬ್ಯಾಟರಿಯಿಂದ ಸುಮಾರು 27 ಆಂಪಿಯರ್ ಎಳೆಯುತ್ತದೆ. ಆ ವೈರಿಗೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ವೈರ್ ಹೊತ್ತಿಕೊಳ್ಳದಿರಲಿ ಎಂದು. ವಾರಂಟಿ ಇರುವ ಹೊಸ ಕಾರಾದರೆ ಕಂಪನಿ ವೈರ್ ಕತ್ತರಿಸದೆ, ಆ ಮಾದರಿಗೆ ಸಿಗುವ ಕಪ್ಲರ್ ಬಳಸಿ ಸಂಪರ್ಕ ಕೊಡಲು ಹೇಳಬೇಕು.

ಹ್ಯಾಚ್‌ಬ್ಯಾಕ್‌ನಲ್ಲಿ ವೂಫರ್ ಹಿಂಬಾಗಿಲಿನ ಕಡೆ ಮುಖ ಮಾಡಿದ್ದರೆ ಸಾಮಾನ್ಯವಾಗಿ ಬೇಸ್ ಹೆಚ್ಚು ಸಿಗುತ್ತದೆ. ಬಿಗಿಯುವ ಮೊದಲು ಎರಡು ಮೂರು ದಿಕ್ಕಿಗೆ ತಿರುಗಿಸಿ ಕೇಳುವುದು ಲೇಸು. ಆಂಪ್‌ನಲ್ಲಿ ಮೇಲಿನ ಸ್ವರಗಳನ್ನು ತಡೆಯುವ ಲೋ-ಪಾಸ್ ಫಿಲ್ಟರನ್ನು 80 ಹರ್ಟ್ಸ್‌ನಿಂದ ಆರಂಭಿಸಿ, ಬೇಸ್ ಬೂಸ್ಟ್ ಸೊನ್ನೆಯಲ್ಲಿಟ್ಟು, ಗೇನನ್ನು ಮೆಲ್ಲಗೆ ಏರಿಸಬೇಕು. ಬೇಸ್ ಹಿಂದಿನಿಂದ ಬರುತ್ತಿದೆ ಎನಿಸಿದರೆ ಗೇನ್ ಹೆಚ್ಚಾಯಿತೆಂದೇ ಅರ್ಥ. ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಿ, ಡ್ರೈವರ್ ಸೀಟಿನಲ್ಲಿ ಯಾವುದು ತುಂಬಿ ಕೇಳುತ್ತದೋ ಅದನ್ನು ಉಳಿಸಿಕೊಳ್ಳಬೇಕು. ನಂಬರ್ ಪ್ಲೇಟ್, ಪಾರ್ಸೆಲ್ ಟ್ರೇ ಗಡಗಡ ಎಂದರೆ ಹಿಂದೆ ಫೋಮ್ ಟೇಪ್, ತಗಡಿಗೆ ಬ್ಯುಟೈಲ್ ಶೀಟ್ ಅಂಟಿಸಿದರೆ ನಿಲ್ಲುತ್ತದೆ. ಮಂದ್ರದ ಸದ್ದು ಗೋಡೆ ದಾಟಿ ಮಲಗಿದವರನ್ನು ಎಬ್ಬಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್.

ಹಣ ಕೊಡುವ ಮುನ್ನ ಅಂಗಡಿಯಲ್ಲಿ ನಾಲ್ಕು ವಿಷಯ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು: ಬಾಕ್ಸ್‌ನ ನಿವ್ವಳ ಲೀಟರ್, ಪೋರ್ಟ್ ಇದ್ದರೆ ಟ್ಯೂನಿಂಗ್ ಹರ್ಟ್ಸ್, ಹಲಗೆಯ ಬಗೆ ಮತ್ತು ದಪ್ಪ, ವೂಫರ್-ಆಂಪ್‌ಗಳ ಆರ್‌ಎಂಎಸ್ ವಾಟ್. ನಂತರ ಡಿಕ್ಕಿ ಮುಚ್ಚಿ, ಕಿಟಕಿ ಏರಿಸಿ, ತಾವು ದಿನಾ ಕೇಳುವ ಮೂರು ಹಾಡು ಹಾಕಿಸಬೇಕು: ತಬಲಾ ಇರುವುದೊಂದು, ಬೇಸ್ ಗಿಟಾರ್ ನಡೆಯುವುದೊಂದು, ಡ್ರಮ್‌ನದೊಂದು. ಮೂರರಲ್ಲೂ ಬೇಸ್ ಬೇರೆಬೇರೆಯಾಗಿ ಕೇಳಿದರೆ ಹಣ ಕೊಡಬಹುದು. ಇಲ್ಲದಿದ್ದರೆ ವೂಫರ್ ಬದಲಿಸಿ ಎನ್ನುವ ಮೊದಲು ಬಾಕ್ಸ್ ಬದಲಿಸಿ ತೋರಿಸಿ ಎಂದು ಕೇಳಬೇಕು.